ಲಾಗ್ ಬುಕ್ಕಿನ ಬುಧವಾರ

ಬುಧವಾರದ ಸಾಲಿನಲ್ಲಿ, ಅಂಕಿ ಇರಬೇಕಾದ ಕಡೆ, ನೀಲಿ ಶಾಯಿಯ ಎರಡು ಪುಟ್ಟ ಓರೆಗೆರೆಗಳಿದ್ದವು. ಮೇಲಿನ ಸಾಲಿನಂತೆಯೇ ಎಂದು ಅದರ ಅರ್ಥ. ಎಳೆದವಳು ನಾನು.

ಆ ಪುಸ್ತಕ ಅಮ್ಮನದು. ಅವಳಿಗೆ ಸಕ್ಕರೆ ಕಾಯಿಲೆ ಹಳೆಯದು. ಹೋದ ವರ್ಷ ಪಾರ್ಶ್ವವಾಯುವಿನಿಂದ ಬಲಗೈಯೂ ಸೋತಿತು. ಆಗ ಅಪ್ಪ ರಸೆಲ್ ಮಾರುಕಟ್ಟೆಯ ಹಿಂದಿನ ಅಂಗಡಿಯಿಂದ ಗಟ್ಟಿ ರಟ್ಟಿನ ಉದ್ದನೆಯ ರಿಜಿಸ್ಟರ್ ತಂದು, ಸ್ಕೇಲು ಹಿಡಿದು ಗೆರೆ ಎಳೆದು, ಮೇಲೆ ‘ಲಾಗ್ ಬುಕ್’ ಎಂದು ಬರೆದರು. ಕೆ.ಆರ್. ಪುರದ ಹತ್ತಿರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಾಯ್ಲರ್ ನೋಡಿಕೊಂಡು, ಗಂಟೆಗೊಮ್ಮೆ ಅದರ ಅಂಕಿಗಳನ್ನು ಇಂಥದೇ ಪುಸ್ತಕದಲ್ಲಿ ಬರೆದವರು ಅವರು.

“ನಾನೇನು ನಿಮ್ಮ ಬಾಯ್ಲರ್ ಏನ್ರೀ?” ಎಂದಳು ಅಮ್ಮ ಹಾಸಿಗೆಯಿಂದಲೇ.

“ಬಾಯ್ಲರ್ ಇಷ್ಟು ಮಾತಾಡ್ತಿರ್ಲಿಲ್ಲ ಬಿಡೇ,” ಎಂದರು ಅಪ್ಪ.

ಲಾಗ್ ಎಂದರೆ ಮೂಲತಃ ಮರದ ದಿಮ್ಮಿ. ಶಿವಾಜಿನಗರದ ಕಡೆಯ ಟಿಂಬರ್ ಅಂಗಡಿಗಳಲ್ಲಿ ಇಂದಿಗೂ ಅಷ್ಟೇ. ಹಿಂದೆ ನಾವಿಕರು ಗಂಟುಹಾಕಿದ ಹಗ್ಗದ ತುದಿಗೆ ಮರದ ತುಂಡು ಕಟ್ಟಿ ಹಡಗಿನ ಹಿಂದಕ್ಕೆ ಎಸೆದು, ಗೊತ್ತುಮಾಡಿದಷ್ಟು ಹೊತ್ತಿನಲ್ಲಿ ಕೈಯಿಂದ ಎಷ್ಟು ಗಂಟು ಜಾರಿತೆಂದು ಎಣಿಸಿ ವೇಗ ತಿಳಿಯುತ್ತಿದ್ದರಂತೆ. ಅದನ್ನು ಬರೆದಿಟ್ಟ ಪುಸ್ತಕಕ್ಕೆ ಮರದ ಹೆಸರೇ ಅಂಟಿಕೊಂಡಿತು. ಪುಸ್ತಕ ದಡ ಹತ್ತಿ ಬಾಯ್ಲರ್ ಕೋಣೆಗೆ ಬಂತು, ಅದರ ಹೆಸರು ಕಂಪ್ಯೂಟರಿನೊಳಗೂ ಹೊಕ್ಕಿತು. ದೊಡ್ಡನೆಕ್ಕುಂದಿಯ ನನ್ನ ಆಫೀಸಿನಲ್ಲಿ ದಿನ ಶುರುವಾಗುವುದೇ ಲಾಗಿನ್‌ನಿಂದ. ಏನಾದರೂ ಕೆಟ್ಟು ನಿಂತರೆ, “ಲಾಗ್ ನೋಡು ಗುರು, ಅದು ಸುಳ್ಳು ಹೇಳಲ್ಲ,” ಎನ್ನುತ್ತಾನೆ ಪಕ್ಕದ ಸೀಟಿನವನು. ಬ್ಲಾಗು, ವ್ಲಾಗುಗಳೂ ಅದರ ಮೊಮ್ಮಕ್ಕಳೇ. ಪಿಯುಸಿಯಲ್ಲಿ ನನ್ನನ್ನು ಅಳಿಸಿದ ಲಾಗರಿದಮ್ ಮಾತ್ರ ಈ ವಂಶದ್ದಲ್ಲ. ಸಮುದ್ರವಿಲ್ಲದ ಊರಿನಲ್ಲಿ ಇಷ್ಟೊಂದು ಜನ ದಿನವೂ ಹಡಗು ಹತ್ತುತ್ತಿದ್ದೇವಲ್ಲ ಎಂದು ನಾನು ಒಬ್ಬಳೇ ನಕ್ಕದ್ದಿದೆ. ನೀರಿನ ಮೇಲೆ ಹಾದುಬಂದ ದಾರಿ ಉಳಿಯುವುದಿಲ್ಲ, ಅದಕ್ಕೇ ಆ ನಾವಿಕರು ಬರೆದರು ಎಂಬುದು ಆಗ ಹೊಳೆದಿರಲಿಲ್ಲ.

ಕಾರ್ಖಾನೆಯ ಪದ್ಧತಿ ಮನೆಗೂ ಬಂತು. ಪಾಳಿ ಮುಗಿಸಿದವರು ಬರೆದು ಸಹಿ ಹಾಕಬೇಕು. ಬಂದವರು ಅದನ್ನು ಓದಿ ಸಹಿ ಹಾಕುವವರೆಗೆ ಜಾಗ ಬಿಡುವಂತಿಲ್ಲ. ತಪ್ಪು ಬರೆದರೆ ಅಳಿಸುವಂತಿಲ್ಲ. ಅದರ ಮೇಲೆ ಒಂದೇ ಗೆರೆ, ತಪ್ಪು ಓದಲು ಸಿಗುವ ಹಾಗೆ, ಪಕ್ಕದಲ್ಲಿ ಸಹಿ. ಮೂರು ತಿಂಗಳು ಕೇಳಿ ಕೇಳಿ, ಬೆಳಗಿನ ಆರರಿಂದ ಒಂಬತ್ತರ ಪಾಳಿಯನ್ನು ನಾನು ಪಡೆದಿದ್ದೆ. ಅಪ್ಪನಿಗೆ ಎಪ್ಪತ್ತು. ನೆಮ್ಮದಿಯಾಗಿ ನಿದ್ದೆ ಮಾಡುವುದು ಆ ಮೂರು ಗಂಟೆ ಮಾತ್ರ. ನಮ್ಮಿಬ್ಬರಲ್ಲಿ ಮಾತು ಮೊದಲಿನಿಂದಲೂ ಕಡಿಮೆ. ಹುಟ್ಟಿದಾಗಿನಿಂದ ಆಡಿದ್ದಕ್ಕಿಂತ ಹೆಚ್ಚನ್ನು ಆ ಪುಸ್ತಕದಲ್ಲಿ ಒಬ್ಬರಿಗೊಬ್ಬರು ಬರೆದಿದ್ದೇವೆ.

ಏಳಕ್ಕೆ ಅಮ್ಮನ ಬೆರಳು ಚುಚ್ಚಿ ಸಕ್ಕರೆಯ ಮಟ್ಟ ನೋಡಬೇಕು, ಅದಕ್ಕೆ ತಕ್ಕಷ್ಟು ಇನ್ಸುಲಿನ್ ಕೊಡಬೇಕು. ಆ ಬುಧವಾರ ಏಳಕ್ಕೇ ಆಫೀಸಿನ ಮೀಟಿಂಗ್ ಇತ್ತು. ಐದು ದಿನದಿಂದ ಅಂಕಿ ಹೆಚ್ಚುಕಡಿಮೆ ಅದೇ ಬರುತ್ತಿತ್ತು. ನಾನು ಚುಚ್ಚಲಿಲ್ಲ. ಎರಡು ಗೆರೆ ಎಳೆದೆ, ಎಂದಿನಷ್ಟೇ ಇನ್ಸುಲಿನ್ ಕೊಟ್ಟೆ, ಲ್ಯಾಪ್‌ಟಾಪ್ ತೆರೆದೆ. ಎಂಟೂವರೆಗೆ ನೋಡಿದರೆ ಅಮ್ಮ ಬೆವರಿನಲ್ಲಿ ತೊಯ್ದಿದ್ದಳು. ನನ್ನ ಹೆಸರು ಅವಳ ನಾಲಿಗೆಯಲ್ಲಿ ಹೊರಳಲಿಲ್ಲ.

ನನ್ನ ಕೂಗಿಗೆ ಎದ್ದು ಬಂದ ಅಪ್ಪ, “ಸಕ್ಕರೆ ಇಳಿದ್ಬಿಟ್ಟಿದೆ,” ಎಂದು ಗುಟುಕು ಗುಟುಕಾಗಿ ಸಕ್ಕರೆ ನೀರು ಕುಡಿಸಿದರು. ಅರ್ಧ ಗಂಟೆಯಲ್ಲಿ ಅಮ್ಮ ತಿಳಿಯಾದಳು. “ಎಷ್ಟು ವರ್ಷ ಆಯ್ತು ಸಿಹಿ ಕುಡಿದು! ಇನ್ನೊಂದು ಲೋಟ ಕೊಡ್ರೀ,” ಎಂದಳು. ನಾವಿಬ್ಬರೂ ನಗಲಿಲ್ಲ.

ಅಪ್ಪ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು.

“ನೋಡಿ ಬರೆದ್ಯಾ?”

“ಇಲ್ಲಪ್ಪ.”

“ಹೂಂ. ನಿಂಗೂ ಆಫೀಸ್ ಇರತ್ತೆ. ನಾಳೆಯಿಂದ ಬೆಳಿಗ್ಗೆದೂ ನಾನೇ ನೋಡ್ಕೋತೀನಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೂರು ಗಂಟೆಯ ನಿದ್ದೆಯನ್ನೂ ನಾನು ಅವರಿಂದ ಕಿತ್ತುಕೊಂಡಿದ್ದೆ. ದಿನವಿಡೀ ಆ ನಾವಿಕರ ನೆನಪೇ. ಹೋದ ಗಳಿಗೆಯ ವೇಗವೇ ಈ ಗಳಿಗೆಗೂ ಇದ್ದೀತು ಎಂದು ಅವರು ಹಡಗಿನ ಮೇಲೆ ಕೂತಿರಲಿಲ್ಲ. ಪ್ರತಿ ಸಲವೂ ಮರದ ತುಂಡನ್ನು ನೀರಿಗೆ ಎಸೆಯಬೇಕಿತ್ತು, ಒದ್ದೆ ಹಗ್ಗ ಕೈಯಲ್ಲಿ ಜಾರಬೇಕಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಐದು ನಿಮಿಷವಿರುವಾಗ ಅಮ್ಮನ ಕೋಣೆಗೆ ಹೋದೆ. ಅಪ್ಪನ ತೊಡೆಯ ಮೇಲಿದ್ದ ಪುಸ್ತಕವನ್ನು ತೆಗೆದುಕೊಂಡು, ಬುಧವಾರದ ಓರೆಗೆರೆಗಳ ಮೇಲೆ ಒಂದೇ ಗೆರೆ ಎಳೆದು, ‘ನೋಡದೆ ಬರೆದದ್ದು’ ಎಂದು ಬರೆದು ಸಹಿ ಹಾಕಿದೆ. ಅವರು ರಾತ್ರಿ ಬರೆದಿದ್ದನ್ನು ಮೊದಲಿಂದ ಕೊನೆಯವರೆಗೆ ಓದಿ, ಅದರ ಕೆಳಗೆ ಬಂದವರ ಜಾಗದಲ್ಲೂ ಸಹಿ ಹಾಕಿ, ಪಾಳಿ ಮುಗಿಸಿದವರ ಜಾಗ ಇನ್ನೂ ಖಾಲಿಯಿದ್ದುದರಿಂದ ಪೆನ್ನನ್ನು ಅವರ ಕಡೆ ಹಿಡಿದೆ.

“ಸಹಿ ಹಾಕಿ ಹೋಗಿ ಮಲಗ್ರೀ,” ಎಂದಳು ಅಮ್ಮ ಕಣ್ಣು ಮುಚ್ಚಿಕೊಂಡೇ. “ಬಾಯ್ಲರ್ ಎಲ್ಲೂ ಓಡಿಹೋಗಲ್ಲ.”

ಅಪ್ಪ ನನ್ನ ಸಹಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮದನ್ನು ಹಾಕಿ ಎದ್ದರು. ಅವರ ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದು ಬಂದೆ. ಏಳಕ್ಕೆ ಅಮ್ಮನ ಬೆರಳು ಚುಚ್ಚಿ, ಅಂಕಿ ಮೂಡುವವರೆಗೆ ಕಾದೆ.