ಹಕೀಮನ ಹಿತ್ತಾಳೆ ಬೆರಳು

ಚೌಡಾಪುರದ ಸಂತೆಯಲ್ಲಿ ಹಲ್ಲು ಕೀಳುವ ಹುಸೇನಪೀರ ತನ್ನನ್ನು ತಾನೇ ‘ದಂತದ ಹಕೀಮ’ ಎಂದು ಕರೆದುಕೊಳ್ಳುತ್ತಿದ್ದ. ಸಂತೆಯವರು ‘ಹಲ್ಲ ಕೀಳಾಂವ’ ಎನ್ನುತ್ತಿದ್ದರು. ಅದು ಮಾತ್ರ ಅವನ ಕಿವಿಗೆ ಬೀಳುತ್ತಿರಲಿಲ್ಲ. ಚಿಮಟ ಹಾಕುವ ಮೊದಲು ಎಡಗೈ ತೋರುಬೆರಳನ್ನು ನೋಯುವ ಹಲ್ಲಿನ ಮೇಲಿಟ್ಟು, “ಹಲ್ಲು ಮಾತಾಡ್ತದ, ಬೆರಳು ಕೇಳ್ತದ” ಎನ್ನುವುದು ಅವನ ಪದ್ಧತಿ. ಹಲ್ಲು ಮಾತಾಡುತ್ತಿತ್ತೋ ಇಲ್ಲವೋ, ಕಚ್ಚುತ್ತಿದ್ದುದಂತೂ ಖರೆ.

ಸಾವಿರದ ಒಂಬೈನೂರ ನಲವತ್ತೆಂಟರ ಬೇಸಿಗೆಯಲ್ಲಿ ಸರಸಂಬಾದ ರೈತನೊಬ್ಬ ಹಾಗೇ ಕಚ್ಚಿದ. ಬೆರಳು ಬದನೆಕಾಯಿಯಂತೆ ಊದಿ ಕೀವಾಯಿತು. ಹೆಂಡತಿ ಪೀರಬಿ ಬೇವಿನೆಲೆಯ ಬಿಸಿನೀರಿನಲ್ಲಿ ತೊಳೆತೊಳೆದು ಹೇಗೋ ಉಳಿಸಿದಳು. ಇನ್ನೊಮ್ಮೆ ಕಚ್ಚಿದರೆ ಬೆರಳೂ ಇಲ್ಲ, ಕಸುಬೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ತೊಗಲಿನದೊಂದು ಬೆರಳುಚೀಲ ಹೊಲಿದು ಕೊಟ್ಟಳು.

“ಹಕೀಮರು ಬೆರಳಿಗೆ ಬುರ್ಖಾ ಹಾಕ್ತಾರೇನಬೇ?” ಎಂದು ಗೊಣಗಿದರೂ ಹಾಕಿಕೊಂಡ.

ಮುಂದಿನ ಸಂತೆಯಲ್ಲಿ ಮೊದಲು ಬಂದವಳು ದವಡೆ ಊದಿದ ಮುದುಕಿ ಗಂಗುಬಾಯಿ.

“ಎಲಾ ಹುಸೇನಪೀರ, ತೊಗಲ ತಂದು ನನ್ನ ಬಾಯಾಗ ಇಡ್ತೀಯೇನು? ಲಿಂಗಪೂಜಿ ಮಾಡ್ಕೊಂಡು ಬಂದೇನಿ!”

“ಕೇಳಿದಿ?” ಎಂದು ಹೆಂಡತಿಯತ್ತ ತಿರುಗಿ, ಗೆದ್ದವನಂತೆ ಚೀಲ ಕಿತ್ತೆಸೆದು ಬರಿಬೆರಳು ಮುಂದೆ ಚಾಚಿದ.

ಪಕ್ಕದಲ್ಲೇ ಕೂತು ಕೌದಿ ಹೊಲಿಯುತ್ತಿದ್ದ ಪೀರಬಿ ಅವನ ಮುಂಗೈ ಹಿಡಿದಳು. ಸೂಜಿ ಚುಚ್ಚದಂತೆ ತಾನು ಬೆರಳಿಗೆ ಹಾಕಿಕೊಂಡಿದ್ದ ಅಂಗುಸ್ತಾನ ಬಿಚ್ಚಿದಳು. ಹಿತ್ತಾಳೆ ಪಟ್ಟಿ ಬಾಗಿಸಿ ಮಾಡಿದ್ದು. ಹಿಗ್ಗಿಸಿ, ಚಾದಂಗಡಿಯ ಕುದಿನೀರಿನಲ್ಲಿ ಅದ್ದಿ ತಂದು ಗಂಡನ ಬೆರಳಿಗೆ ತೊಡಿಸಿದಳು.

“ಹಿತ್ತಾಳಿಗೆ ಮೈಲಿಗಿ ಇಲ್ಲಲ್ರಿ, ಅವ್ವಾರ?”

ಗಂಗುಬಾಯಿ ಯೋಚಿಸಿದಳು. “ನಮ್ಮ ಪೂಜಿ ತಂಬಿಗಿನೂ ಹಿತ್ತಾಳಿದಽ. ಹಾಕು,” ಎಂದು ಬಾಯಿ ತೆರೆದಳು.

ಚಿಮಟ ಬಿಗಿಯಿತು. ಮುದುಕಿ ಜೀವ ಹೋದಂತೆ ಕಚ್ಚಿದಳು. ಕಟಕ್ಕನೆ ಸದ್ದಾಯಿತು, ಹಲ್ಲು ಹೊರಬಂತು.

“ಅಯ್ಯ ನಿನ್ನ, ಬೆರಳೋ ಕಬ್ಬಿಣದ ಹಾರಿಯೋ?” ಎಂದಳು ಅರಳೆ ಒತ್ತಿಕೊಂಡು.

ಹುಸೇನಪೀರ ಎದ್ದು ನಿಂತ. “ನೋಡ್ರೆಪಾ ಮಂದಿ, ಇದು ನಾ ಹುಡುಕಿದ ಹೊಸಾ ಹಿಕಮತ್ತು, ಹೊಸಾ ಯುಕ್ತಿ! ಹೈದರಾಬಾದಿನ ದೊಡ್ಡ ಹಕೀಮರಿಗೂ...”

ಪೀರಬಿ ಅವನ ಕೈಯನ್ನೆಳೆದುಕೊಂಡು ಹಿತ್ತಾಳೆ ಬಿಚ್ಚಿದಳು. ಬೆರಳಿನ ಗೆಣ್ಣು ಗೆಣ್ಣು ಮುಟ್ಟಿ ನೋಡಿದಳು. ಚರ್ಮ ಒಡೆದಿರಲಿಲ್ಲ. ಆದರೂ ಇನ್ನೊಮ್ಮೆ ಬುಡದಿಂದ ತುದಿಯವರೆಗೆ ಸವರಿ ನೋಡಿದಳು, ಕೈ ಬಿಡಲಿಲ್ಲ.

ಹುಸೇನಪೀರ ಮಂದಿಯನ್ನು ಬಿಟ್ಟು ಅವಳತ್ತ ನೋಡಿದ.

“ಹಕೀಮರಿಗೂ ಏನೋ? ಹೇಳು ಮತ್ತ,” ಎಂದಳು ಗಂಗುಬಾಯಿ.

“ಏನಿಲ್ಲಬೇ ಅವ್ವಾ. ಹಿಕಮತ್ತು ಈಕಿದು,” ಎಂದು ಅವನು ಕೆಳಗೆ ಕೂತ. ಕೈ ಬಿಡಿಸಿಕೊಳ್ಳಲಿಲ್ಲ.