ಇಕ್ಕಳದಲ್ಲಿ ಕೊಟ್ಟ ಡೋನಟ್ಟು

ಮೊನ್ನೆ ಭಾನುವಾರ ಚಿತ್ರದುರ್ಗದ ಒಂದು ಹೊಸ ಡೋನಟ್ ಅಂಗಡಿಯಲ್ಲಿ ಕೌಂಟರ್ ಹುಡುಗಿ ಮೇಲೆ ಎಗರಿಬಿದ್ದೆ.

ಟೇಸ್ಟ್ ನೋಡಾಕೆ ಅಂತ ಅವಳು ಒಂದು ಪೀಸ್ ಡೋನಟ್ಟನ್ನ ಇಕ್ಕಳದಲ್ಲಿ ಹಿಡಿದು, ಮೇಲಿಂದ ನಮ್ಮವ್ವನ ಕೈಗೆ ಹಾಕಿದ್ಲು.

ಅವ್ವ ಎರಡೂ ಕೈ ಸೇರಿಸಿ ಬೊಗಸೆ ಮಾಡಿ, ಸೊಂಟದ ಹತ್ರ ಕೆಳಗೆ ಇಟ್ಕಂಡು, ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ಲು. ಅವ್ವ ನಿಂತಿದ್ದು ನೋಡಿದ್ದೇ ನನ್ ತಲೆ ಕೆಟ್ಟೋಯ್ತು.

"ಏನಮ್ಮ, ನೆಟ್ಟಗೆ ಕೈಗೆ ಕೊಡಾಕೆ ಏನ್ ರೋಗ ನಿಂಗೆ? ನಾಯಿಗೆ ಹಾಕ್ದಂಗೆ ಹಾಕ್ತೀಯಲ್ಲ!"

ಅಂಗಡಿ ಪೂರ್ತಿ ತಿರುಗಿ ನೋಡ್ತು.

ಗೊತ್ತಿಲ್ದೋರಿಗೆ ಹೇಳ್ತೀನಿ. ಅವ್ವ ಚಿಕ್ಕೋಳಿದ್ದಾಗ ಅವಳ ತವರೂರ ಹೋಟ್ಲಿಗೆ ನಮ್ಮ ಕೇರಿಯೋರನ್ನ ಒಳಗೆ ಬಿಡ್ತಿರ್ಲಿಲ್ಲ. ಬಾಗ್ಲಾಚೆ ನಿಂತು ಬೊಗಸೆ ಒಡ್ಡಬೇಕು, ಮೇಲಿಂದ ವಡೆ ಬೀಳಾದು. ನೀರೂ ಹಂಗೇ. ಕೈಗೆ ಕೈ ತಾಗ್ಬಾರ್ದಲ್ಲ, ಅದಕ್ಕೆ.

ಹುಡುಗಿ ಮುಖ ಬಿಳಿಚ್ಕಂಡಿತ್ತು. "ಅಣ್ಣ, ಎಲ್ರಿಗೂ ಹಿಂಗೇ ಕೊಡಾದು. ಕೈಯಲ್ಲಿ ಮುಟ್ಟಿದ್ರೆ ಓನರ್ ಬೈತಾರೆ..."

ಸುಳ್ಳು ಅನ್ಕಂಡೆ. ಪಕ್ಕದಲ್ಲಿ ಇಸ್ತ್ರಿ ಶರ್ಟಿನೋನೊಬ್ಬ ನಿಂತಿದ್ದ. ಅವನಿಗೂ ಅದೇ ಇಕ್ಕಳದಲ್ಲಿ ಒಂದು ಪೀಸ್ ಚಾಚಿದ್ಲು.

ಅವನು ಫೋನ್ ನೋಡ್ತಾನೇ ಕೈ ಎತ್ತಿ, ಎರಡು ಬೆರಳಲ್ಲಿ ಇಕ್ಕಳದ ಬಾಯಿಂದ್ಲೇ ಕಿತ್ಕಂಡು ತಿಂದ. ಅಷ್ಟೇ.

ಅವನು ಕೈ ಮೇಲೆತ್ತಿದ್ದ. ನಮ್ಮವ್ವ ಕೆಳಗಿಟ್ಟಿದ್ಲು. ಇಕ್ಕಳ ಇದ್ದಲ್ಲೇ ಇತ್ತು.

ನಾನು ಸಾರಿ ಅನ್ನಾಕೆ ಮುಂಚೆ ಅವ್ವನೇ "ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ, ಇವ್ನು ಹಿಂಗೇಯ" ಅಂತ ಹೇಳಿ ನನ್ ರೆಟ್ಟೆ ಹಿಡಿದು ಆಚೆಗೆ ಎಳ್ಕಂಡು ಬಂದ್ಲು.

ನಾವು ಅಲ್ಲಿಗೆ ಹೋಗಿದ್ದು ಯಾಕೆ ಅಂದ್ರೆ... ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟು ಬೇಕರಿ ಭಟ್ಟಿ ಮುಂದೆ ಬೆಂದೋನು. ಈಗ ಹಿರಿಯೂರಲ್ಲಿ ನಂದೇ ಒಂದು ಸಣ್ಣ ಬೇಕರಿ ಇಡ್ತಿದೀನಿ.

ಒಳಗೆ ಭಟ್ಟಿಗೆ ನಾನು, ಕೌಂಟರಿಗೆ ಅವ್ವ. ಇದು ನನ್ ಆಸೆ. ಎಷ್ಟ್ ಕೇಳಿದ್ರೂ ಅವ್ವ ಹೂಂ ಅಂತಿಲ್ಲ, ಊಹೂಂ ಅಂತಿಲ್ಲ.

"ಬೇರೆಯೋರ ಕುಕ್ಕಿ, ಡೋನಟ್ಟು ತಿಂದು ನೋಡ್ಕಂಡು ಬರಾಣ ಬಾರವ್ವ" ಅಂತ ಬೈಕ್ ಹತ್ತಿಸ್ಕಂಡು ಹೊರಟಿದ್ದೆ. ನಾಕು ಅಂಗಡಿ ಒಳಗೆ ಹೊಕ್ಕು ಬಂದ್ರೆ ಧೈರ್ಯ ಬರ್ತೈತೆ ಅಂತ ನನ್ ಪ್ಲಾನು.

ಬೈಕ್ ಹತ್ರ ಬಂದು ಅವ್ವ ಬೆರಳಿಗೆ ಅಂಟಿದ್ದ ಚಾಕ್ಲೇಟ್ ನೆಕ್ತಾ ನಿಂತ್ಲು.

"ಯಾಕ್ಲೇ ಆ ಮಗೀನ ಮೇಲೆ ಕೂಗಾಡ್ದೆ?"

"ಅದು ಬಿಡು, ಡೋನಟ್ ಹೆಂಗಿತ್ತು ಹೇಳು."

"ವಡೆಗೆ ಸಕ್ರೆ ಕಾಯ್ಲೆ ಬಂದಂಗೈತೆ. ನೀನು ಮಾಡಾದಾದ್ರೆ ಸಿಹಿ ಕಮ್ಮಿ ಹಾಕು."

ಅಷ್ಟು ಸಿಟ್ಟಲ್ಲೂ ನಗು ಬಂತು.

ಅಲ್ಲಿಂದ ಹೊಳಲ್ಕೆರೆ. ಅಲ್ಲಿ ಹಳೇ ಬೇಕರಿ, ಇಕ್ಕಳ ಗಿಕ್ಕಳ ಏನಿಲ್ಲ. ಯಜಮಾನ್ರು ಟ್ರೇಯಿಂದ ಒಂದು ಕುಕ್ಕಿ ಮುರಿದು, "ಬರ್ರಿ ಅಮ್ಮ, ರುಚಿ ನೋಡ್ರಿ, ಈಗಿನ್ನ ಭಟ್ಟಿಯಿಂದ ಇಳಿದೈತೆ" ಅಂತ ಬರಿಗೈಲೇ ಚಾಚಿದ್ರು.

ಅವ್ವ ಮತ್ತೆ ಬೊಗಸೆ ಒಡ್ಡಿದ್ಲು. ಮತ್ತೆ ಒಂದು ಹೆಜ್ಜೆ ಹಿಂದೆ.

ಆ ಮನುಷ್ಯ ಗಾಜಿನ ಮೇಲೆ ಎಷ್ಟು ಬಗ್ಗಿದ್ರೂ ಕೈಗೆ ಎಟುಕ್ತಿಲ್ಲ. ಕೊನೆಗೆ ಅವರೂ ಮೇಲಿಂದ ಹಾಕ್ಲೇಬೇಕಾಯ್ತು.

ಇಲ್ಲಿ ಯಾರ್ ಮೇಲೆ ಕೂಗ್ಲಿ ನಾನು?

ಹೊಸದುರ್ಗದಲ್ಲಿ ಅವ್ವ ಒಳಗೇ ಬರ್ಲಿಲ್ಲ. "ನೀನೇ ಹೋಗಿ ಕಟ್ಟಿಸ್ಕಂಡು ಬಾ ಹೋಗು" ಅಂದ್ಲು. ಹೋಯ್ತು ನನ್ ಪ್ಲಾನು ಅನ್ಕಂಡೆ.

ರಾಗಿ ಕುಕ್ಕಿ ಕಟ್ಟಿಸ್ಕಂಡು ಬಂದು, ಊರ ಕಡೆ ಬರ್ತಾ ಮಾರಿಕಣಿವೆ ಡ್ಯಾಮ್ ಹತ್ರ ಬೈಕ್ ನಿಲ್ಲಿಸಿದೆ. ಅವ್ವ ಒಂದು ಕಚ್ಚಿ, "ರಾಗಿ ಹೆಸ್ರು ಹೇಳಿ ಮೈದಾ ತಿನ್ನಿಸ್ತಾವ್ರೆ" ಅಂತ ಮುಖ ಸಿಂಡರಿಸಿದ್ಲು.

ನಾನು ಸೀದಾ ಕೇಳ್ದೆ. "ಅವ್ವ, ಕೌಂಟರಿಗೆ ಕುಂತ್ಕಂತೀಯೋ ಇಲ್ವೋ? ಒಂದು ಮಾತು ಹೇಳ್ಬಿಡು."

"ಕುಂತ್ಕಂತೀನಿ."

ನಂಗೆ ನಂಬಾಕೇ ಆಗ್ಲಿಲ್ಲ.

"ಆ ಹುಡುಗಿ ಕೈಲಿತ್ತಲ್ಲ, ಅಂಥದೊಂದು ಇಕ್ಕಳ ತಂದ್ಕೊಡು. ಕುಂತ್ಕಂತೀನಿ."

"ಇಕ್ಕಳ ಯಾಕೆ?"

"ನನ್ ಕೈ ತಾಗಿದ್ದನ್ನ ಎಲ್ರೂ ತಿಂತಾರೇನಪ್ಪ? ಇಕ್ಕಳ ಇದ್ರೆ ಯಾರೂ ಏನೂ ಅನ್ನಂಗಿಲ್ಲ. ನಿನ್ ವ್ಯಾಪಾರನೂ ಕೆಡಲ್ಲ."

ಇಷ್ಟು ಹೇಳಿ ಕುಕ್ಕಿ ಪುಡಿ ಸೆರಗಿನಿಂದ ಕೊಡವ್ಕಂಡು, "ನಡಿ, ಹೋಗಾಣ" ಅಂದ್ಲು.

ಬೈಕ್ ಸ್ಟಾರ್ಟ್ ಮಾಡ್ದೆ, ದಾರಿ ಪೂರ್ತಿ ಅದೇ ಯೋಚ್ನೆ ಗುರೂ.

ನಾಚ್ಕಂತಾಳೆ, ಲೆಕ್ಕ ಬರಲ್ಲ ಅಂತ ಹೆದರ್ತಾಳೆ ಅಂತ ನಾನು ಏನೇನೋ ಅನ್ಕಂಡಿದ್ದೆ. ಅವ್ವ ಯೋಚ್ನೆ ಮಾಡ್ತಿದ್ದಿದ್ದು ಇದು! ಬೆಳಿಗ್ಗೆಯಿಂದ ಯಾರು ಅವ್ವಂಗೆ ಹೆಂಗೆ ಕೊಡ್ತಾರೆ ಅಂತ ನಾನು ಕಣ್ಣಿಟ್ಕಂಡಿದ್ದೆ. ಅವಳ ಕೈಯಿಂದ ಯಾರು ತಗಂತಾರೆ ಅಂತ ಅವಳಿಗೆ ಚಿಂತೆ.

ನಾನು ಯಾವ ಇಕ್ಕಳ ನೋಡಿ ಉರ್ಕಂಡ್ನೋ, ಅವ್ವ ಅದನ್ನೇ ನೋಡಿ ಧೈರ್ಯ ತಗಂಡವ್ಳೆ. ಈಗ ಯಾರಿಗೆ ಬೈಲಿ? ಅವ್ವನ ತವರೂರ ಆ ಹೋಟ್ಲು ಈಗ ಇಲ್ಲ. ಅದನ್ನ ನಡೆಸ್ತಿದ್ದೋರೂ ಇಲ್ಲ. ಅವ್ವನ ಬೊಗಸೆ ಮಾತ್ರ ಹಂಗೇ ಐತೆ.

ಇಕ್ಕಳ ತಂದೀನಿ. ಸ್ಟೀಲಿಂದು, ಹೊಸದು. ಇದನ್ನ ಟೈಪ್ ಮಾಡ್ತಿರೋವಾಗ ಕೌಂಟರ್ ಮೇಲೆ ನನ್ ಮುಂದೇನೇ ಐತೆ.

ಕ್ಲೀನಾಗಿರ್ತೈತೆ ಬಿಡಪ್ಪ, ಇಟ್ಕ ಅಂತೀರ. ಸರಿ, ಇಡ್ತೀನಿ, ಅವ್ವಂಗೋಸ್ಕರ.

ಆದ್ರೆ ಹಿರಿಯೂರಿನೋರು, ದುರ್ಗದೋರು, ಇದನ್ನ ಓದ್ತಿರೋ ಎಲ್ರೂ ಎದೆ ಮುಟ್ಕಂಡು ಹೇಳ್ರಿ... ಆ ಇಕ್ಕಳ ಪಕ್ಕಕ್ಕಿಟ್ಟು ನಮ್ಮವ್ವ ಬರಿಗೈಲಿ ಒಂದು ಕುಕ್ಕಿ ಚಾಚಿದ್ರೆ, ತಗಂತೀರಾ?