ಬಾಗಿಲ ಕಡೆ ಸವೆದ ಸೀಟು

ಆತ ಮೊದಲ ಸಲ ಅಂಗಡಿಗೆ ಬಂದಾಗ ಕಾರಿನ ಸೀಟೊಂದನ್ನು ಹೊದಿಕೆಯಲ್ಲಿ ಸುತ್ತಿ, ಜ್ವರ ಬಂದ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡಿದ್ದರು. ಕುಶನ್ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಲಾರಿ ಸೀಟೊಂದರ ಅಂಚು ಹೊಲಿಯುತ್ತಿದ್ದಳು. ತಲೆ ಎತ್ತದೆ, "ಅಲ್ಲಿ ಕೆಳಗಿಡಿ" ಅಂದಳು.

"ಕೆಳಗೆ ಬೇಡ ಅಮ್ಮಾ, ಧೂಳಿದೆ."

"ಸೀಟು ತಾನೇ ಸಾರ್? ಜನ ಅದರ ಮೇಲಿಡೋದು ಮುಖಾನೇನೂ ಅಲ್ವಲ್ಲ."

ಒಳಗೆ ಪಾತ್ರೆ ತೊಳೆಯುತ್ತಿದ್ದ ನಾದಿನಿ ಕಿಸಕ್ಕನೆ ನಕ್ಕಳು. ಆತ ನಗಲಿಲ್ಲ. ಆಗ ಕುಶನ್ ಅಮ್ಮ ತಲೆ ಎತ್ತಿ ನೋಡಿದಳು. ಮೂಲೆಯ ಔಷಧಿ ಅಂಗಡಿಯವರು. ಮನೆಯ ಪಕ್ಕದ ಶೆಡ್ಡಿನಲ್ಲಿ ಇವರ ಬಳಿ ಒಂದು ಹಳೆಯ ಕಾರಿದೆ, ಅದನ್ನು ಸದಾ ಬಟ್ಟೆ ಹೊದಿಸಿ ಇಡುತ್ತಾರೆ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ಅದಕ್ಕೇ ಬೀದಿಯ ಜನ ಅವರಿಗೆ ಮುಸುಕಿನ ಸಾಹೇಬರು ಅಂತ ಹೆಸರಿಟ್ಟಿದ್ದರು.

ಅವಳು ಹೊದಿಕೆ ಬಿಚ್ಚಿದಳು. ಕಂದು ಚರ್ಮ, ಒಳಗೆ ಕುದುರೆ ಕೂದಲು, ಅದರ ಕೆಳಗೆ ಸ್ಪ್ರಿಂಗು. ಗಂಡ ಸತ್ತ ಮೇಲೆ ಅವನ ಕುಶನ್ ಅಂಗಡಿ ಹಿಡಿದವಳು ಆಕೆ. ಅಕ್ಷರ ಅಂದರೆ ಅವಳಿಗೆ ಬೋರ್ಡಿನ ಮೇಲಿದ್ದ ಗಂಡನ ಹೆಸರು, ತನ್ನ ರುಜು, ಅಷ್ಟೇ. ಆದರೆ ಸೀಟಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದರೆ ಕೂತವರ ತೂಕ, ಸ್ವಭಾವ ಎರಡೂ ಕೈಗೆ ಹತ್ತುತ್ತಿದ್ದವು. ಈ ಸೀಟು ಬಾಗಿಲ ಕಡೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಹರಿದಿತ್ತು. ಇನ್ನೊಂದು ಅರ್ಧ ಮಾತ್ರ ನಿನ್ನೆ ಮಾಡಿದ ಹಾಗೆ ಗಟ್ಟಿಯಾಗಿತ್ತು.

"ಇಲ್ಲಿ ಕೂತವರು ಪೂರ್ತಿ ಕೂತೇ ಇಲ್ಲ ಸಾರ್. ಅರ್ಧ ಕುಂಡಿ ಊರಿದ್ದಾರೆ. ಯಾರೋ ಕರೆದ ತಕ್ಷಣ ಇಳಿದು ಓಡೋರ ಥರ."

ಆತನ ಕೈ ತಾನೇ ತಾನಾಗಿ ಅಂಗಿಯ ಕಾಲರಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ.

"ನಮ್ಮ ತಾತನ ಕಾರು. ಅವರೇ ಓಡಿಸ್ತಿದ್ರು. ಬೆನ್ನು ನೋವಿತ್ತು ಅವರಿಗೆ."

ಬೆನ್ನು ನೋವಿದ್ದವರು ಒರಗಿ ಕೂರುತ್ತಾರೆ. ಒರಗುವ ಕಡೆಯ ಚರ್ಮ ಸವೆದೇ ಇರಲಿಲ್ಲ. ಅವಳಿಗೆ ಹಾಗನ್ನಿಸಿತು, ಆದರೆ ಆಡಲಿಲ್ಲ. ಗಿರಾಕಿಯ ತಾತ ಹೇಗೆ ಕೂತರೆ ತನಗೇನು?

ಆತ ಹಳೆಯ ಕಾರುಗಳ ಕ್ಲಬ್ಬಿನ ಸದಸ್ಯರು. ಕ್ಲಬ್ಬಿನ ಪ್ರದರ್ಶನದಲ್ಲಿ ಯಾರೂ ಮುಟ್ಟದೆ, ಹೊಸದು ಮಾಡದೆ, ಇದ್ದ ಹಾಗೇ ಉಳಿದ ಕಾರಿಗೆ ಒಂದು ಬೇರೆ ಬಹುಮಾನ. ಅದನ್ನು ಗೆದ್ದವರಿಗೆ ಇರುವ ಮರ್ಯಾದೆ ಬೇರೆಯವರಿಗಿಲ್ಲ. ಆತನ ಕಾರಿನ ಬಣ್ಣ, ದೀಪ, ಗಾಜು ಎಲ್ಲ ಹಳೆಯದೇ. ಹಿಂದಿನ ಸೀಟನ್ನು ಮಾತ್ರ ಇಲಿ ತಿಂದು ಹಾಕಿದ್ದವು. ಅದನ್ನು ಹೊಸದಾಗಿ ಹೊಲಿದು ಹಳೆಯದರ ಹಾಗೆ ಕಾಣಿಸಬೇಕು. ಈಗ ತಂದಿದ್ದ ಮುಂದಿನ ಸೀಟಿನ ಚರ್ಮವನ್ನೂ ಬಿಚ್ಚಿ, ಅದಕ್ಕೆ ಹೊಂದುವ ಹಾಗೆ ಬೇರೆ ಹಾಕಬೇಕು.

"ಮುಂದಿನದು ಹರಿದಿರೋ ಕಡೆ ತೇಪೆ ಹಾಕಿದ್ರೆ ಸಾಕು ಸಾರ್. ನಿಜವಾದ ಹಳೇದು ಅದೊಂದೇ ಅಲ್ವಾ?"

"ಬೇಡ. ಸವೆದಿದ್ರೆ ಎಲ್ಲಾ ಕಡೆ ಸಮನಾಗಿ ಸವೆದಿರ್ಬೇಕು. ಆ ಚರ್ಮ ಎಸೆದುಬಿಡಿ." ಆಮೇಲೆ ದನಿ ತಗ್ಗಿಸಿ, "ಇನ್ನೊಂದು. ನಿಮ್ಮ ಆ ಕೆಂಪು ದಾರ ಹಾಕ್ಬೇಡಿ."

ಕೆಂಪು ದಾರ ಅವಳ ಗಂಡನ ಅಭ್ಯಾಸ. ಹೊಲಿದ ಪ್ರತಿ ಸೀಟಿನ ಅಡಿ ಮೂಲೆಯಲ್ಲಿ ಕೆಂಪು ದಾರದ ಒಂದು ಗಂಟು. ಇದು ನಾನು ಹೊಲಿದದ್ದು, ಹರಿದರೆ ನನ್ನ ಹತ್ತಿರವೇ ತನ್ನಿ ಅಂತ ಅದರ ಅರ್ಥ. ಗಂಡ ಹೋದ ಮೇಲೂ ಅವಳು ಅದನ್ನು ಒಂದು ಸೀಟಿಗೂ ತಪ್ಪಿಸಿರಲಿಲ್ಲ.

"ಕೆಲಸ ನಿಮ್ಮದೇ ಅಂತ ನನಗೆ ಗೊತ್ತಿರತ್ತಲ್ಲ ಅಮ್ಮಾ," ಅಂದರು ಆತ. ಆ ಮಾತಿನಲ್ಲಿ ಎಷ್ಟು ಮರ್ಯಾದೆ ಇತ್ತೆಂದರೆ, ಅವಳು ಹೂಂ ಅಂದುಬಿಟ್ಟಳು.

ಹೊಸದನ್ನು ಹಳೆಯದು ಮಾಡುವುದು ಹೊಲಿದಷ್ಟು ಸುಲಭವಲ್ಲ. ಕಡುಚಹಾದಲ್ಲಿ ಬಟ್ಟೆ ಅದ್ದಿ ಚರ್ಮಕ್ಕೆ ಒತ್ತಿದಳು. ಹಿಮ್ಮಡಿ ಉಜ್ಜುವ ಕಲ್ಲಿನಿಂದ ಅಂಚು ತೀಡಿದಳು. ದಾರಕ್ಕೆ ಮೇಣದ ಜೊತೆ ಮಸಿ ಸವರಿದಳು. ಹಳೆಯ ಹೊಲಿಗೆಯ ತೂತು ಎಷ್ಟು ದೂರಕ್ಕೊಂದಿತ್ತೋ ಅಷ್ಟೇ ದೂರಕ್ಕೆ ದಬ್ಬಳ ಚುಚ್ಚಿ, ಯಂತ್ರ ಮುಟ್ಟದೆ ಕೈಯಲ್ಲೇ ಹೊಲಿದಳು. ಬೆರಳ ತುದಿಗಳು ಜಾಲರಿಯಾದವು. ಕೊನೆಗೆ ಚರ್ಮ ತಗ್ಗಲಿ ಅಂತ ನಾದಿನಿಯನ್ನು ಕರೆದು ಸೀಟಿನ ಮೇಲೆ ಕೂರಿಸಿದಳು.

"ಹೊಸದನ್ನ ಹಳೇದು ಮಾಡೋಕೆ ಕೂಲಿ ಕೊಡ್ತಾರಾ ಅತ್ತಿಗೆ?" ಅಂದಳು ನಾದಿನಿ, ಬಟಾಣಿ ಸುಲಿಯುತ್ತ. "ಹಾಗಾದ್ರೆ ನನ್ನನ್ನೂ ಮಾರಿಬಿಡು. ಪುಕ್ಕಟೆ ಹಳೇದಾಗಿದೀನಿ."

"ಸುಮ್ನೆ ಕೂತ್ಕೋ. ಎರಡೂ ಕಡೆ ಸಮ ಭಾರ ಬಿಡು."

"ಗಂಡಸರ ಕೆಲಸ ಹಿಡಿದೆ. ಈಗ ನನ್ನ ಕುಂಡಿಗೂ ಕೆಲಸ ಹಚ್ಚಿದೆ!"

ಹಳೆಯ ಚರ್ಮವನ್ನು ಕುಶನ್ ಅಮ್ಮ ಎಸೆಯಲಿಲ್ಲ. ಎಸೆಯಬಾರದು ಅಂತೇನೂ ಅಲ್ಲ. ಚೂರು ಚರ್ಮ ಯಾವತ್ತಾದರೂ ತೇಪೆಗಾಗುತ್ತದೆ ಅಂತ ಮಡಿಸಿ, ಯಂತ್ರದ ಕೆಳಗಿನ ಪೆಟ್ಟಿಗೆಗೆ ಹಾಕಿದಳು.

ಪ್ರದರ್ಶನಕ್ಕೆ ಬನ್ನಿ ಅಂತ ಆತ ಕರೆದಿರಲಿಲ್ಲ. ಮೈದಾನದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ ಅಂತ ಯಾರೋ ಹೇಳಿದ್ದರು, ಅವಳು ಹೊರಟಳು. ಟ್ರಂಕಿನ ತಳದಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದು ಉಟ್ಟಳು. ನಾದಿನಿಯನ್ನೂ ಎಳೆದುಕೊಂಡು ಹೋದಳು. ಗಂಡಸರ ಕೆಲಸ, ಗಂಡಸರ ಕೆಲಸ ಅಂತ ಹಗಲೆಲ್ಲ ಆಡಿಕೊಳ್ಳುವ ನಾದಿನಿಯ ಎದುರು, ಅಗೋ ನೋಡು ಅಂತ ಒಂದು ಸಲ ಬೆರಳು ತೋರಿಸಬೇಕು ಅನ್ನುವ ಆಸೆ. ಅದಕ್ಕಿಂತ ದೊಡ್ಡದೇನೂ ಅವಳ ಮನಸ್ಸಿನಲ್ಲಿರಲಿಲ್ಲ.

ಹುಲ್ಲಿನ ಮೇಲೆ ಕಾರುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಸುತ್ತಲೂ ಹಗ್ಗ ಕಟ್ಟಿತ್ತು. ಮಾಲೀಕರೆಲ್ಲ ಹೊಳೆಯುವ ಬೂಟು ಹಾಕಿ, ತಮ್ಮ ಅಜ್ಜ ಮುತ್ತಜ್ಜಂದಿರ ಕಥೆ ಹೇಳುತ್ತಿದ್ದರು. ಮುಸುಕಿನ ಸಾಹೇಬರ ಕಾರು ಆವತ್ತು ಮುಸುಕಿಲ್ಲದೆ ನಿಂತಿತ್ತು. ಕ್ಲಬ್ಬಿನ ಅಧ್ಯಕ್ಷರು ಬಿಳಿ ಗವಸು ತೊಟ್ಟು, ಬಾಗಿ ಸೀಟು ನೋಡುತ್ತಿದ್ದರು. ಕುಶನ್ ಅಮ್ಮ ಹಗ್ಗದ ಹತ್ತಿರಕ್ಕೆ ಹೋಗಿ ನಿಂತಳು.

"ಆಹಾ, ಇಂಥ ಹೊಲಿಗೆ ಈಗ ಯಾರು ಹಾಕ್ತಾರೆ!" ಅಂದರು ಅಧ್ಯಕ್ಷರು.

ಕುಶನ್ ಅಮ್ಮ ನಾದಿನಿಯ ಮೊಣಕೈ ತಿವಿದಳು.

"ಕಾರ್ಖಾನೆಯಿಂದ ಬಂದ ಹಾಗೇ ಇದೆ ಸಾರ್," ಅಂದರು ಆತ. "ಆಮೇಲೆ ಒಂದು ಸೂಜೀನೂ ಮುಟ್ಟಿಲ್ಲ. ತಾತ ಕೂತು ಕೂತು ಹೀಗಾಗಿದೆ."

ನಾದಿನಿಗೆ ಮೆಲ್ಲಗೆ ಮಾತಾಡುವುದು ಹುಟ್ಟಿನಿಂದಲೇ ಬರದು. "ಸೂಜಿ ಮುಟ್ಟಿಲ್ವಂತೆ! ತಾತ ಅಂತೆ! ಕೂತಿದ್ದು ನಾನಲ್ವಾ ಅತ್ತಿಗೆ?"

ಅಧ್ಯಕ್ಷರು ತಿರುಗಿ ನೋಡಿದರು. "ಯಾರು ಇವರು? ನಿಮ್ಮ ಕಡೆಯೋರಾ?"

ಆತ ಕುಶನ್ ಅಮ್ಮನನ್ನು ನೋಡಿದರು. ಅವಳ ಒಳ್ಳೆಯ ಬಟ್ಟೆ ನೋಡಿದರು, ಬೆರಳಿಗೆ ಸುತ್ತಿದ್ದ ಪಟ್ಟಿ ನೋಡಿದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ಅಲ್ಲ ಅಲ್ಲ. ಕಾರು ಒರೆಸೋಕೆ ಬರ್ತಾಳೆ" ಅಂದರು.

ಕಾರಿನ ಮಡ್ಗಾರ್ಡಿನ ಮೇಲೆ ಒರೆಸುವ ಒಂದು ಹಳದಿ ಬಟ್ಟೆ ಬಿದ್ದಿತ್ತು. ಅವಳ ಕೈ ಹಗ್ಗದಾಚೆಗೆ ಚಾಚಿ ಆ ಬಟ್ಟೆಯನ್ನು ತೆಗೆದುಕೊಂಡಿತು. ಯಾರೂ ಹೇಳಿರಲಿಲ್ಲ. ಅವಳು ಬಗ್ಗಿ ಹಗ್ಗದ ಕೆಳಗೆ ನುಸುಳಿ, ದೀಪ ಒರೆಸಿದಳು. ಬಾಗಿಲ ಹಿಡಿ ಒರೆಸಿದಳು. ಹತ್ತುವ ಮೆಟ್ಟಿಲು ಒರೆಸಿದಳು. ಅಧ್ಯಕ್ಷರು ಮುಂದಿನ ಕಾರಿಗೆ ಹೋಗುವವರೆಗೂ ಒರೆಸುತ್ತಲೇ ಇದ್ದಳು.

ಆ ಕಾರಿಗೇ ಬಹುಮಾನ ಬಂತು. ದಾರಿಯುದ್ದಕ್ಕೂ ನಾದಿನಿ ಬಾಯಿಗೆ ಬೀಗ ಹಾಕಿಕೊಂಡು ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು, ಯಾವತ್ತೂ ಇಲ್ಲದ ಹಾಗೆ, ಅತ್ತಿಗೆಯ ಕಾಲಿಗೆ ಬಿಸಿನೀರು ಕಾಯಿಸಿ ಇಟ್ಟಳು. "ಅವನ ಬಹುಮಾನಕ್ಕೂ ಇಲಿ ಬೀಳ" ಅಂದಳು, ಅಷ್ಟೇ. ಅಂದಿನಿಂದ ಗಂಡಸರ ಕೆಲಸ ಅನ್ನುವ ಮಾತನ್ನೇ ಬಿಟ್ಟುಬಿಟ್ಟಳು. ಆ ಕನಿಕರ ಕುಶನ್ ಅಮ್ಮನಿಗೆ ಚುಚ್ಚಿದಷ್ಟು ಯಾವ ದಬ್ಬಳವೂ ಚುಚ್ಚಿರಲಿಲ್ಲ.

ಆತ ಹೇಳಿದ ಸುಳ್ಳನ್ನು ಅವಳು ಹೇಗೋ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಆ ಹಳದಿ ಬಟ್ಟೆ. ಚರ್ಮಕ್ಕೆ ಎಣ್ಣೆ ಹಚ್ಚಲು ಚಿಂದಿ ಹಿಡಿದರೆ ಸಾಕು, ಕಿವಿ ಬಿಸಿಯಾಗುತ್ತಿತ್ತು. ಬೋರ್ಡಿನ ಮೇಲಿನ ಗಂಡನ ಹೆಸರಿನ ಕೆಳಗೆ ಹಾದು ಒಳಗೆ ಹೋಗುವಾಗ ಕತ್ತು ತಗ್ಗುತ್ತಿತ್ತು.

ಸ್ವಲ್ಪ ದಿನಕ್ಕೆ ಆತ ಬರತೊಡಗಿದರು. ಒಮ್ಮೆ ಹರಿಯದ ಕೊಡೆಯ ಚೀಲ ತಂದರು, ಇನ್ನೊಮ್ಮೆ ಕೆಡದ ಜಿಪ್ಪಿನ ಬ್ಯಾಗು. "ತಮಗೆ ಬಿಡುವಾದಾಗ ಆದ್ರೆ ಸಾಕು" ಅನ್ನುವರು. ಮೊದಲು ನೀವು ಅನ್ನುತ್ತಿದ್ದವರು ಈಗ ತಾವು ಅನ್ನುತ್ತಿದ್ದರು. ಒಂದು ಮಾತಿಗಾಗಿ ಅವಳು ಕಾದಳು. ತಪ್ಪಾಯಿತು ಅನ್ನುವಷ್ಟು ದೊಡ್ಡದೂ ಬೇಡ, ಆವತ್ತು ಅಂತ ಶುರುಮಾಡಿದರೆ ಸಾಕಿತ್ತು. ಆತ ಗಂಟಲು ಸರಿಮಾಡಿಕೊಳ್ಳುವರು, ಬೀದಿ ನೋಡುವರು, ಎದ್ದು ಹೋಗುವರು. ಗಿರಾಕಿಗಳ ಸ್ಟೂಲಿನ ಮೇಲೂ ಆತ ಬಾಗಿಲ ಕಡೆಯ ಅಂಚಿನಲ್ಲೇ ಕೂರುತ್ತಿದ್ದರು, ಅರ್ಧ ಮಾತ್ರ. ಅದನ್ನು ಅವಳು ಮೊದಲ ದಿನವೇ ಕಂಡಿದ್ದಳು.

ಹೀಗಿರುವಾಗ ಕ್ಲಬ್ಬಿನವರು, ಗೆದ್ದ ಕಾರನ್ನು ತಮ್ಮ ಸಭಾಂಗಣದಲ್ಲಿ ಜನರಿಗೆ ನೋಡಲು ಇಡುತ್ತೇವೆ, ನಿಮ್ಮ ತಾತನ ಫೋಟೋ ಕೊಡಿ, ಸೀಟಿನ ಪಕ್ಕ ಹಾಕೋಣ ಅಂದರು. ಆತ ಒಂದು ಫೋಟೋ ಹಿಡಿದು ನೇರ ಅಂಗಡಿಗೆ ಬಂದರು. ದುರಸ್ತಿಗೆಂದು ಏನನ್ನೂ ತಂದಿರಲಿಲ್ಲ.

ಫೋಟೋದಲ್ಲಿ ಅದೇ ಕಾರು. ಹಿಂದಿನ ಸೀಟಿನಲ್ಲಿ ಒಂದು ಕುಟುಂಬ ಕೂತಿತ್ತು. ಟೊಪ್ಪಿ ಹಾಕಿದ ಒಬ್ಬ ಸಣಕಲು ಮನುಷ್ಯ ಬಾಗಿಲು ಹಿಡಿದು, ನೆಲ ನೋಡುತ್ತ ನಿಂತಿದ್ದ.

"ಈ ಕಾರಿನ ಫೋಟೋ ಅಂತ ನನ್ನ ಹತ್ರ ಇರೋದು ಇದೊಂದೇ," ಅಂದರು ಆತ. "ಈ ನಿಂತಿರೋನು ತಾತ ಅಲ್ಲ ಅಮ್ಮಾ. ಅಪ್ಪ. ಒಬ್ಬ ಡಾಕ್ಟರ ಡ್ರೈವರು. ಡಾಕ್ಟರು ಊರು ಬಿಟ್ಟು ಹೋಗೋವಾಗ ಕಾರನ್ನ ಅಪ್ಪನಿಗೇ ಕೊಟ್ಟು ಹೋದ್ರು. ತನ್ನದಾದ ಮೇಲೂ ಅಪ್ಪ ಹಿಂದಿನ ಸೀಟಲ್ಲಿ ಒಂದಿನಾನೂ ಕೂರಲಿಲ್ಲ. ಮುಂದಿನ ಸೀಟಲ್ಲೂ ನೀವು ಹೇಳಿದ ಹಾಗೇ ಕೂರ್ತಿದ್ದ. ಯಾರಾದ್ರೂ ಕರೀತಾರೇನೋ ಅಂತ." ಸ್ವಲ್ಪ ತಡೆದು, "ಆ ಚರ್ಮ ಎಸೆದುಬಿಟ್ರಾ?"

ಅವಳು ಪೆಟ್ಟಿಗೆ ಎಳೆದಳು. ಮಡಿಸಿದ ಚರ್ಮ ಬಿಡಿಸಿ ಆತನ ತೊಡೆಯ ಮೇಲೆ ಹರಡಿದಳು. ಸವೆದ ಕಡೆ ಆತ ಅಂಗೈ ಇಟ್ಟು ಮೆಲ್ಲಗೆ ಸವರಿದರು.

"ಇದನ್ನೇ ಮತ್ತೆ ಹಾಕಿಕೊಡ್ತೀರಾ? ಕೆಂಪು ದಾರಾನೂ. ಅಡಿಯಲ್ಲಿ ಬೇಡ, ಕಾಣೋ ಕಡೆ."

ಅವಳು ಹರಿದಲ್ಲಿಗೆ ಒಳಗಿನಿಂದ ಮೆದು ಚರ್ಮದ ಆಸರೆ ಕೊಟ್ಟು, ಸವೆದದ್ದನ್ನು ಸವೆದ ಹಾಗೇ ಉಳಿಸಿ ಸೀಟು ಕಟ್ಟಿದಳು. ಅದನ್ನು ಜೋಡಿಸುವ ದಿನ ಆತ ಕಾರನ್ನೇ ಅಂಗಡಿ ಮುಂದೆ ತಂದು ನಿಲ್ಲಿಸಿದರು. ಮುಸುಕಿರಲಿಲ್ಲ. ಕಾಯಿಲೆಯಿಂದ ಆಗಲೇ ಸೊರಗಿದ್ದ ಆತ ಬಾಗಿಲು ಹಿಡಿದು ಇಳಿದರು. ಆತ ಅಂಗಡಿಗೆ ಬಂದದ್ದು ಅದೇ ಕೊನೆ.

ಸೀಟು ಕೂತ ಮೇಲೆ, ಕೊನೆಯ ಗಂಟು ಹಾಕಲು ಅವಳು ತೆರೆದ ಬಾಗಿಲ ಬಳಿ ಮೊಣಕಾಲೂರಿದಳು. ಹೊಲಿಗೆ ಎಳೆಯುತ್ತದೋ ನೋಡಬೇಕು, ಕೂತುಕೊಳ್ಳಿ ಅಂದಳು. ಆತ ಅಪ್ಪನ ತಗ್ಗಿನಲ್ಲೇ, ಅಂಚಿಗೆ ಕೂತರು.

"ಬಹುಮಾನ ವಾಪಸ್ ಕೊಟ್ಟೆ," ಅಂದರು. "ಅಧ್ಯಕ್ಷರು ನಕ್ಕುಬಿಟ್ರು. ಯಾರೂ ಮುಟ್ಟದೇ ಇದ್ದ ಸೀಟು ನಿನ್ನ ಹತ್ರ ಇದ್ದಿದ್ದೇ ಅದೊಂದು, ಅದನ್ನ ಕಿತ್ತು ಸುಳ್ಳು ಹಳೇದು ಹಾಕಿಸಿದ್ಯಲ್ಲೋ ಮಾರಾಯ ಅಂದ್ರು. ಈಗ ಅಲ್ಲಿ ನನ್ನ ಹೆಸರು ಡ್ರೈವರು."

"ಇಲ್ಲಿ ಮುಸುಕು, ಅಲ್ಲಿ ಡ್ರೈವರು," ಅಂದಳು ಅವಳು, ಸೂಜಿಗೆ ಕೆಂಪು ದಾರ ಪೋಣಿಸುತ್ತ. "ಹೆಸರಿಗೇನೂ ಬರ ಇಲ್ಲ ನಿಮಗೆ."

ಆತ ನಕ್ಕರು. ಆಮೇಲೆ ಸ್ಟೀರಿಂಗ್ ಹಿಡಿದುಕೊಂಡು, ಮುಂದಿನ ಗಾಜು ನೋಡುತ್ತ ಅಂದರು: "ಆವತ್ತು ನಿಂತಿದ್ದೋರು ಒರೆಸೋಕೆ ಬಂದೋರಲ್ಲ, ಹೊಲಿದೋರು ಅಂತಾನೂ ಹೇಳಿದೆ."

ಅವಳ ಕೈ ನಿಂತಿತು. "ಏನಂದ್ರು?"

"ಏನೂ ಇಲ್ಲ. ಯಾವ ಹೆಂಗಸು ಅಂದ್ರು. ಅವರಿಗೆ ನೆನಪೇ ಇರಲಿಲ್ಲ."

ಬೀದಿಯಲ್ಲಿ ಯಾವುದೋ ಸೈಕಲ್ಲಿನ ಗಂಟೆ ಹೊಡೆದುಕೊಂಡಿತು. ಅವಳು ಗಂಟು ಬಿಗಿದು, ಕತ್ತರಿ ಕೈಗೆ ಸಿಗದೆ, ದಾರ ಕಚ್ಚಿ ತುಂಡರಿಸಲು ಬಾಯಿಗಿಟ್ಟಳು. ಮುಖ ಸೀಟಿಗೆ ತಾಗುವಷ್ಟು ಹತ್ತಿರವಿತ್ತು. ಆಗ ಆತ ಮೊದಲ ಸಲ ತಿರುಗಿ ಅವಳನ್ನೇ ನೋಡಿ ಕೇಳಿದರು.

"ನಾನೇನೋ ಹೆದರಿ ಸುಳ್ಳು ಹೇಳ್ದೆ ಅಮ್ಮಾ. ನೀವ್ಯಾಕೆ ಒರೆಸಿದ್ರಿ?"